ಒಲೆಯ ಮೇಲಿಟ್ಟ ಎದೆಯ ಗೆರೆ

1958ನೇ ಇಸವಿ, ಡಿಸೆಂಬರ್ ತಿಂಗಳ ಒಂದು ಸೋಮವಾರ, ಬೆಳಗ್ಗೆ ಹನ್ನೊಂದು ಗಂಟೆ. ಶಿಕಾರಿಪುರದ ಡಾಕ್ಟರ ಕೋಣೆಯಲ್ಲಿ ಇದ್ದವರು ಮೂವರು: ಡಾಕ್ಟರು, ನನ್ನ ಅಪ್ಪ, ನಾನು. ನಾನು ಆಗ ಸೊರಬದಲ್ಲಿ ಶಾಲಾ ಮಾಸ್ತರ. ಅಪ್ಪನಿಗೆ ಎದೆನೋವು ಬಂದು ಹೋಯಿತೆಂದು ತಿಳಿದು, ರಜೆ ಹಾಕಿ ಹಿಂದಿನ ಸಂಜೆಯಷ್ಟೇ ಶಿಕಾರಿಪುರದ ಹತ್ತಿರದ ನಮ್ಮ ಹಳ್ಳಿಗೆ ಬಂದಿದ್ದೆ.

ವಾರದ ಹಿಂದೆ ಚಿಕ್ಕಪ್ಪ ಅಪ್ಪನನ್ನು ಶಿವಮೊಗ್ಗಕ್ಕೆ ಕರೆದೊಯ್ದು, ಯಂತ್ರದಲ್ಲಿ ಎದೆಬಡಿತದ ಗೆರೆ ತೆಗೆಸಿದ್ದ. ಅಲ್ಲಿಯ ಆಸ್ಪತ್ರೆಯವರು ಗೆರೆಯ ಕಾಗದವನ್ನು ಸುರುಳಿ ಸುತ್ತಿ ಕೊಟ್ಟು, ಇವತ್ತೇ ನಿಮ್ಮೂರಿನ ಡಾಕ್ಟರಿಗೆ ತೋರಿಸಿ ಎಂದಿದ್ದರಂತೆ. ಆದರೆ ನೋವು ನಿಂತಿತ್ತು, ಗದ್ದೆಯಲ್ಲಿ ಕೊಯ್ಲು ಕಾದಿತ್ತು. ಅಪ್ಪ ಕೊಯ್ಲಿಗೆ ಇಳಿದ. ಸುರುಳಿಯನ್ನು ಮಾತ್ರ ಬಹಳ ಜೋಪಾನವಾಗಿ ಇಟ್ಟ. ನಮ್ಮ ಮನೆಯಲ್ಲಿ ಬೆಲೆಯುಳ್ಳ ಕಾಗದಕ್ಕೆ ಒಂದೇ ಜಾಗ: ಒಲೆಯ ಮೇಲೆ ತೂಗುಹಾಕಿದ ತಗಡಿನ ಕೊಳವೆ. ಪಹಣಿ, ಖರೀದಿ ಪತ್ರ ಎಲ್ಲ ಅದರಲ್ಲೇ. ಅಲ್ಲಿ ಗೆದ್ದಲು ಹತ್ತುವುದಿಲ್ಲ, ಥಂಡಿ ತಾಗುವುದಿಲ್ಲ.

ಡಾಕ್ಟರು ಸುರುಳಿ ಬಿಚ್ಚಿದರು. ಬಿಚ್ಚಿದಷ್ಟೂ ಕಪ್ಪು. ಗೆರೆಯೇ ಇಲ್ಲ.

"ಇದನ್ನ ಎಲ್ಲಿಟ್ಟಿದ್ರಿ ಯಜಮಾನ್ರೆ?"

"ಒಲಿ ಮ್ಯಾಲೆ ಇಟ್ಟಿದ್ದೆ ರೀ. ಯಾರೂ ಮುಟ್ಟಿಲ್ಲ."

"ಬೆಂಕಿ ಮುಟ್ಟಿದೆಯಲ್ರೀ! ಈ ಕಾಗದದ ಮೇಲೆ ಮೇಣದಂಥ ಬಿಳೀ ಲೇಪ ಇರ್ತದೆ. ಯಂತ್ರದ ಬಿಸಿ ಮುಳ್ಳು ಅದನ್ನ ಕರಗಿಸಿದ ಕಡೆ ಕರೀ ಗೆರೆ ಮೂಡ್ತದೆ. ನಿಮ್ಮ ಒಲೆ ಲೇಪಾನೆಲ್ಲ ಕರಗಿಸಿದೆ."

"ಹಂಗಾರೆ ನನ್ನ ಎದಿ ಅನ್ನದ ಜೊತಿಗೇ ಬೆಂದು ಹೋತು ಅನ್ರಿ," ಎಂದು ಅಪ್ಪ ನಕ್ಕ. ಡಾಕ್ಟರು ನಗಲಿಲ್ಲ.

ಮತ್ತೊಮ್ಮೆ ಶಿವಮೊಗ್ಗಕ್ಕೆ ಹೋಗಿ ತೆಗೆಸಿದರೆ ಆಗದೇ ಎಂದು ಕೇಳಿದೆ.

"ಇವರನ್ನ ಅಷ್ಟು ದೂರ ಬಸ್ಸಿನಲ್ಲಿ ಕೂರಿಸಬಹುದೋ ಇಲ್ಲವೋ ಅಂತ ಇದರಿಂದಲೇ ತಿಳೀಬೇಕಿತ್ತು, ಮೇಷ್ಟ್ರೆ."

ಅವರು ಬಿಚ್ಚುತ್ತಲೇ ಹೋದರು. ಸುರುಳಿಯ ತೀರ ಒಳಗಿನ ಸುತ್ತುಗಳಲ್ಲಿ ಬಿಳುಪು ಉಳಿದಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು. ಮೊದಲು ಒಂದು ಸಣ್ಣ ದಿಬ್ಬ, ಆಮೇಲೆ ಚೂಪಾದ ಶಿಖರ, ಅದರ ಹಿಂದೆ ಮತ್ತೊಂದು ದಿಬ್ಬ. ಒಂದೊಂದು ಬಡಿತಕ್ಕೂ ಹೀಗೇ ಬರಬೇಕು ಎಂದರು. ಈ ಕಾಗದದಲ್ಲಿ ಕೊನೆಯ ದಿಬ್ಬ ದಿಬ್ಬವಾಗಿರಲಿಲ್ಲ, ಗುಂಡಿಯಾಗಿತ್ತು. ಮುಂದಿನ ಬಡಿತದಲ್ಲೂ ಹಾಗೇ. ಅದರ ಮುಂದಿನದರಲ್ಲೂ.

"ಹೃದಯದ ಒಂದು ಭಾಗಕ್ಕೆ ರಕ್ತ ಸರಿಯಾಗಿ ಹೋಗಿಲ್ಲ. ಅಲ್ಲಿ ಗಾಯ ಆಗಿದೆ," ಎಂದು ತಗ್ಗಿದ ದನಿಯಲ್ಲಿ ಹೇಳಿ ಅಪ್ಪನ ಕಡೆ ತಿರುಗಿದರು. "ಈ ವಾರ ಏನು ಕೆಲಸ ಮಾಡಿದ್ರಿ?"

"ಕೊಯ್ಲು ಮುಗಿಸೀನ್ರಿ. ಹೊರೆ ಹೊತ್ತು ಕಣದಾಗೆ ಬಣವಿ ಹಾಕೀನಿ. ನಾಳೆ ಒಕ್ಕಬೇಕು."

"ಇವತ್ತು ಇಲ್ಲಿಗೆ ಹೆಂಗೆ ಬಂದ್ರಿ?"

"ನಡಕೊಂಡು. ಎತ್ತಿಗೆ ನಾಳೆ ಕಣದಾಗೆ ಕೆಲಸ ಐತಲ್ರೀ, ದಣಿಸಬಾರದು ಅಂತ ಗಾಡಿ ಹೂಡಲಿಲ್ಲ."

ಡಾಕ್ಟರು ಸುರುಳಿಯನ್ನು ಸುತ್ತಿ ಮೇಜಿನ ಮೇಲಿಟ್ಟರು. ಅಪ್ಪ ಹೊರಡಲು ಎದ್ದ. "ಏಳಬೇಡಿ!" ಎಂದರು. ಆ ದನಿಗೆ ಅಪ್ಪ ಕುಳಿತುಬಿಟ್ಟ.

ಬಾಗಿಲ ಬಳಿ ನನಗೊಬ್ಬನಿಗೇ ಹೇಳಿದರು: ಒಂದೂವರೆ ತಿಂಗಳು ಹಾಸಿಗೆ ಬಿಡಬಾರದು. ಊಟವೂ ಮಲಗಿದಲ್ಲೇ. ಮಲಗಿದರೆ ಗಾಯ ಮಾಯಬಹುದು. ಎದ್ದು ಓಡಾಡಿದರೆ ಯಾವ ಗಳಿಗೆಯಲ್ಲಿ ಏನಾಗುತ್ತದೋ ಹೇಳಲಾರೆ.

ಪೇಟೆಯಲ್ಲಿ ಬಾಡಿಗೆ ಗಾಡಿ ಹಿಡಿದು, ದಪ್ಪಗೆ ಹುಲ್ಲು ಹಾಸಿ ಅಪ್ಪನನ್ನು ಮಲಗಿಸಿದೆ. ಗಾಡಿ ಕುಲುಕಿದಾಗಲೆಲ್ಲ ಅವನ ಮುಖ ನೋಡುತ್ತಿದ್ದೆ. ಮನೆ ತಲುಪಿದ ಮೇಲೆ ನಡುಮನೆಯಲ್ಲಿ ಮಂಚ ಹಾಕಿಸಿದೆ, ಅವ್ವನಿಗೆ ಎಲ್ಲ ತಿಳಿಸಿದೆ, ಕಣದಲ್ಲಿ ಕೆಲಸ ಶುರುವಾದರೆ ಅಪ್ಪ ಮಲಗಿರಲಾರನೆಂದು ಆಳುಗಳ ಮನೆಗೆ ಹೋಗಿ ನಾಳೆ ಬರಬೇಡಿ ಎಂದು ಹೇಳಿ ಬಂದೆ.

ತೆರೆದ ಬಾಗಿಲಿನಿಂದ ಅಪ್ಪನಿಗೆ ಕಣ ಕಾಣುತ್ತಿತ್ತು.

"ಕಣ ಸಾರ್ಸಿದ್ರೇನಲೇ?"

"ಇಲ್ಲಪ್ಪ. ನಾಳೆ ಒಕ್ಕಲ್ಲ."

"ಮಳಿ ಬಂದ್ರೆ ಭತ್ತ ಯಾರಪ್ಪ ಕೊಡ್ತಾನೆ?" ಎನ್ನುತ್ತ ಮೊಣಕೈ ಊರಿ ಮೇಲೇಳಲು ಹೋದ. ಹಣೆಯಲ್ಲಿ ಬೆವರು ಒಡೆಯಿತು. ಹೆಗಲು ಹಿಡಿದು ಮಲಗಿಸಿದೆ. ನನ್ನ ಕೈಕೆಳಗೆ ಅವನ ಎದೆ ಹಾರುತ್ತಿತ್ತು.

ದೀಪ ಹಚ್ಚುವ ಮೊದಲು ಅವ್ವ ಒಂದು ಕಡೆ, ನಾನು ಒಂದು ಕಡೆ ಹಿಡಿದು, ಅಪ್ಪ ಮಲಗಿದ್ದ ಮಂಚವನ್ನು ಕಣ ಕಾಣದಂತೆ ಒಳಗೋಡೆಯ ಪಕ್ಕಕ್ಕೆ ಸರಿಸಿದೆವು. ಅವನು ಬೇಡ ಎನ್ನಲಿಲ್ಲ. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.