ಏನೂ ಬೆಳೆಯದ ಬಾಟಲಿ

ಸೋಪು, ಫಿನಾಯಿಲು, ಪೊರಕೆ, ಬ್ರಷ್ಷು ಮಾರುವವನಿಗೆ ಜನರ ಕೊಳಕು ಗೊತ್ತಾದಷ್ಟು ಅವರ ಹತ್ತಿರದ ನೆಂಟರಿಗೂ ಗೊತ್ತಾಗುವುದಿಲ್ಲ. ಯಾರ ಮನೆಯ ಮೋರಿ ಕಟ್ಟಿದೆ, ಯಾರು ವರ್ಷಕ್ಕೊಂದೇ ಸಲ ಕಕ್ಕಸು ತೊಳೆಯುತ್ತಾರೆ, ಎಲ್ಲ ನನ್ನ ಕೌಂಟರಿಗೆ ಬಂದೇ ಬರುತ್ತದೆ. ಸಾಲದ್ದಕ್ಕೆ ಪಕ್ಕದ ಬಾಗಿಲಲ್ಲಿ ರಕ್ತ, ಮೂತ್ರ, ಮಲ ಪರೀಕ್ಷೆ ಮಾಡುವ ಲ್ಯಾಬು. ಕನ್ನಡಕ ಮರೆತು ಬಂದವರು ಇನ್ನೂ ಬೆಚ್ಚಗಿರುವ ಬಾಟಲಿಯನ್ನು ನನ್ನ ಸೋಪಿನ ಪಕ್ಕದಲ್ಲಿಟ್ಟು, ರಿಪೋರ್ಟು ಯಾವಾಗ ಸಿಗುತ್ತೆ ಎಂದು ಕೇಳಿದ್ದು ಒಂದೆರಡು ಸಲವಲ್ಲ. ಆಗಷ್ಟೇ ತಿಂಡಿ ತಿಂದು ಬಂದ ಹೊಟ್ಟೆ ಇದನ್ನೂ ಸಹಿಸಿಕೊಳ್ಳಬೇಕು.

ಈ ಬೀದಿಯಲ್ಲಿ ನನಗಿಂತ ಹೆಚ್ಚು ಮೂಗು ಮುರಿಯುವವರಿದ್ದರೆ ಅದು ಸೋಪಕ್ಕ ಒಬ್ಬಳೇ. ಎದುರಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷದಿಂದ ಮುಖ್ಯ ಅಡುಗೆಯವಳು. ಹೆಸರು ಕಾರ್ಮಿಕರು ಇಟ್ಟದ್ದು. ನನ್ನ ಅಂಗಡಿಯ ಸೋಪಿನಲ್ಲಿ ಮುಕ್ಕಾಲು ಪಾಲು ಆಕೆಯ ಅಡುಗೆಮನೆಗೇ ಹೋಗುತ್ತಿತ್ತು. ತೊಳೆದ ತಟ್ಟೆಯನ್ನು ಮೂಸಿ ನೋಡಿ ವಾಪಸ್ ಕಳಿಸುವಳು. ಕೈಕೆಳಗಿನ ನಾಲ್ವರ ಉಗುರನ್ನು ದಿನಾ ಬೆಳಕಿಗೆ ಹಿಡಿದು ನೋಡುವಳು. ಮನೆಯಲ್ಲಿ ಸೊಸೆ ಹಿಟ್ಟಿಗೆ ಕೈ ಹಾಕುವ ಮೊದಲು ‘ಕೈ ತೊಳ್ಕೊಂಡ್ಯಾ?’, ಹಾಕಿದ ಮೇಲೆ ಮತ್ತೊಮ್ಮೆ ‘ತೊಳ್ಕೊಂಡ್ಯಾ?’. ಸೊಸೆಗೆ ದೇವರು ಕಿವಿ ಕೊಟ್ಟಿದ್ದೇ ಈ ಪ್ರಶ್ನೆ ಕೇಳಿಸಿಕೊಳ್ಳಲಿಕ್ಕೆ ಎನ್ನುವ ಹಾಗಾಗಿತ್ತು.

ಕ್ಯಾಂಟೀನಿನ ಅಡುಗೆಮನೆ ಬಾಗಿಲಲ್ಲಿ ಒಂದು ಬಕೆಟ್ಟು, ಅದರ ತುಂಬ ಸೋಪಿನ ನೀರು. ಒಳಗೆ ಕಾಲಿಡುವವರು ಯಾರೇ ಆಗಲಿ, ಎರಡೂ ಕೈ ಅದರಲ್ಲಿ ಅದ್ದಿ, ಮೊಳೆಗೆ ನೇತುಹಾಕಿದ ಟವೆಲ್ಲಿಗೆ ಒರೆಸಿಕೊಂಡೇ ಬರಬೇಕು. ಸೋಪಕ್ಕನ ಕಾನೂನು, ಆಕೆಗೂ ವಿನಾಯಿತಿ ಇಲ್ಲ. ಕಕ್ಕಸಿನಿಂದ ಬಂದವರೂ ಅದರಲ್ಲೇ, ಮಾಂಸ ಕೊಯ್ದವರೂ ಅದರಲ್ಲೇ. ಮಧ್ಯಾಹ್ನದ ಹೊತ್ತಿಗೆ ನೀರು ಬೂದಿ ಬಣ್ಣಕ್ಕೆ ತಿರುಗಿ, ಮೇಲೆ ಎಣ್ಣೆಯ ಕೆನೆ, ನಾಲ್ಕು ಅಗುಳು ಅನ್ನ, ಯಾರದೋ ಕೂದಲು. ಟವೆಲ್ಲು ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಸರಕು ಇಳಿಸಲು ಹೋದಾಗಲೆಲ್ಲ ನಾನು ಪೆಟ್ಟಿಗೆಯನ್ನು ಬಾಗಿಲಾಚೆಯೇ ಇಟ್ಟು ಬರುತ್ತಿದ್ದೆ. ಆದರೆ ಆ ನೀರಿನಲ್ಲಿ ಕರಗಿದ್ದು ನಾನು ಮಾರಿದ ಸೋಪು. ಬಾಯಿ ಮುಚ್ಚಿಕೊಂಡಿದ್ದೆ.

ಆ ವರ್ಷ ಎರಡು ತಿಂಗಳಲ್ಲಿ ಕಾರ್ಖಾನೆಯ ಹನ್ನೊಂದು ಜನ ಜ್ವರ ಬಂದು ಮಲಗಿದರು. ಒಂದೇ ಸಲಕ್ಕೆ ಏರಿ ಇಳಿಯುವ ಜ್ವರವಲ್ಲ. ದಿನಕ್ಕೊಂದು ಮೆಟ್ಟಿಲು ಹತ್ತಿ ಮೇಲೆ ಹೋಗಿ ಕೂರುವಂಥದ್ದು. ನಾಲಿಗೆ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ, ಉಬ್ಬಿದ ಹೊಟ್ಟೆ, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಹಸಿರು ನೀರಿನಂಥ ಭೇದಿ. ಕಾರ್ಖಾನೆಯ ಮೂರು ಕಕ್ಕಸುಗಳ ಪಾಡನ್ನು ನಾನು ಹೇಳುವುದಿಲ್ಲ. ಅಲ್ಲಿಗೆ ಫಿನಾಯಿಲು ಹೊತ್ತು ಹೋದ ನನ್ನ ಆಳು ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಬಂದ ಎಂದರೆ ಸಾಕು. ರಕ್ತ ಪರೀಕ್ಷೆಯಲ್ಲಿ ಟೈಫಾಯ್ಡ್ ಎಂದು ಗೊತ್ತಾಯಿತು. ವೆಲ್ಡರ್ ಒಬ್ಬ ಐದನೇ ದಿನ ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದ. ವಾರ ಕಳೆಯುವಷ್ಟರಲ್ಲಿ ಮಲದಲ್ಲಿ ರಕ್ತ ಬಂದು ಆಸ್ಪತ್ರೆ ಸೇರಿದ.

ಹೆಲ್ತ್ ಇನ್‌ಸ್ಪೆಕ್ಟರ್ ಬಂದು ಟ್ಯಾಂಕಿನ ನೀರು ಪರೀಕ್ಷೆಗೆ ಕಳಿಸಿದರು. ನೀರಿನಲ್ಲಿ ತಪ್ಪು ಸಿಗಲಿಲ್ಲ. ಹಾಗಾದರೆ ಅಡುಗೆಮನೆಯ ಐವರೂ ಮಲದ ಸ್ಯಾಂಪಲ್ ಕೊಡಿ ಎಂದರು. ಸೋಪಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಜ್ವರವಿಲ್ಲ, ನೋವಿಲ್ಲ, ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ರಜೆ ಹಾಕಿದವಳಲ್ಲ. ಸಿಕ್ಕಿಬಿದ್ದವರು ಅಡುಗೆಮನೆಯಿಂದ ಹೊರಗೆ ಎಂದು ಮ್ಯಾನೇಜರ್ ಬೇರೆ ಹೇಳಿದ್ದ. ಗಂಡ ಸತ್ತ ಮೇಲೆ ಆಕೆಯನ್ನು ನಿಲ್ಲಿಸಿದ್ದು ಆ ಅಡುಗೆಮನೆ. ಮನೆಯಲ್ಲಿ ಆಕೆ ಬರೀ ಅತ್ತೆ, ಅಲ್ಲಿ ಇನ್ನೂರು ಹೊಟ್ಟೆಗಳ ಯಜಮಾನಿ. ಅದು ಕೈಬಿಟ್ಟರೆ ಉಳಿಯುವುದೇನು?

ಸ್ಯಾಂಪಲ್ ಕೊಟ್ಟ ಐದನೇ ದಿನ ಲ್ಯಾಬಿನ ಹುಡುಗಿ ನನ್ನ ಅಂಗಡಿಗೆ ಬಂದಳು. ಕೈಗವಸು ಹಾಕಿದ್ದಳು, ಬೆರಳ ತುದಿಯಲ್ಲಿ ಬಾಟಲಿಯ ಮುಚ್ಚಳ.

“ಅಣ್ಣ, ಇದನ್ನ ದೂರದಿಂದ ಸ್ವಲ್ಪ ಮೂಸಿ ನೋಡ್ತೀರಾ?”

ಇಷ್ಟು ವರ್ಷದ ವ್ಯಾಪಾರದಲ್ಲಿ ಇಂಥ ಬೇಡಿಕೆ ಯಾರೂ ಇಟ್ಟಿರಲಿಲ್ಲ. ನಾಲ್ವರ ಸ್ಯಾಂಪಲ್ ಸರಿಯಿದೆ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಹಚ್ಚಿಟ್ಟರೆ ಐದನೆಯದರಲ್ಲಿ ಮಾತ್ರ ಏನೂ ಬೆಳೆದಿಲ್ಲ ಎಂದಳು. ಹಾಗಾದರೆ ಒಳ್ಳೆಯದೇ ಅಲ್ಲವಾ ಎಂದೆ.

“ಏನೂ ಅಂದ್ರೆ ಏನೂ ಇಲ್ಲ ಅಣ್ಣ. ಮನುಷ್ಯರ ಕರುಳಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರ್ತವೆ, ತೊಂದರೆ ಕೊಡದವು. ನಿಮ್ಮದನ್ನ ತಂದಿಟ್ರೂ ನಾಳೆ ಬೆಳಿಗ್ಗೆ ತಟ್ಟೆ ತುಂಬ ಬೆಳೆದಿರುತ್ತೆ.”

ನನ್ನದನ್ನು ಉದಾಹರಣೆಗೆ ಎಳೆದದ್ದು ನನಗೆ ಸರಿಬೀಳಲಿಲ್ಲ. ಆದರೂ ಮೂಸಿದೆ. ಕೊಳೆತ ವಾಸನೆಯ ಕೆಳಗಿನಿಂದ ನಿಂಬೆಯ ಘಮ. ನಾನೇ ತರಿಸುವ, ಗಾಢವಾದ ಫಿನಾಯಿಲು. ಬೀದಿಯಲ್ಲಿ ಅದನ್ನು ಕೊಳ್ಳುವವಳು ಒಬ್ಬಳೇ. ಒಂದು ಕ್ಷಣ ನೆಗಡಿ ಎಂದು ಸುಳ್ಳು ಹೇಳಿಬಿಡೋಣ ಅನಿಸಿತು. ಅಂಥ ಗಿರಾಕಿ ಮತ್ತೆ ಸಿಗುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಮಲಗಿದ್ದ ವೆಲ್ಡರ್ ಕೂಡ ನನ್ನ ಗಿರಾಕಿಯೇ. ಹೇಳಿದೆ.

ಲ್ಯಾಬಿನ ಹುಡುಗಿ ಕೇಳಿದಾಗ ಸೋಪಕ್ಕ ಮುಚ್ಚಿಡಲಿಲ್ಲ. ಇನ್ನೊಬ್ಬರ ಕೈಗೆ ಹೋಗುವ ಬಾಟಲಿ, ಅದರಲ್ಲಿ ಅಂಥ ವಸ್ತು, ನಾಚಿಕೆಯಾಗಿ ಮೂರು ಸಲ ಫಿನಾಯಿಲಿನಲ್ಲಿ ತೊಳೆದೆ, ತುಂಬಿದ ಮೇಲೂ ವಾಸನೆ ಬರಬಾರದೆಂದು ಒಂದು ಮುಚ್ಚಳ ಸುರಿದೆ ಎಂದಳು. ಪರೀಕ್ಷೆ ತಪ್ಪಿಸಬೇಕೆಂಬ ಯೋಚನೆಯೇ ಇರಲಿಲ್ಲ. ಹೇಸಿಗೆಯನ್ನೂ ಚೊಕ್ಕಟ ಮಾಡಿಯೇ ಕೊಡಬೇಕೆಂಬ ಹಠ.

ಎರಡನೇ ಬಾಟಲಿಯನ್ನು ಲ್ಯಾಬಿನ ಹುಡುಗಿ ತಾನೇ ಕೊಟ್ಟು ಅಲ್ಲೇ ತುಂಬಿಸಿಕೊಂಡಳು. ಅದರಲ್ಲಿ ಟೈಫಾಯ್ಡಿನ ಬ್ಯಾಕ್ಟೀರಿಯಾ ಬೆಳೆಯಿತು.

ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದನ್ನು ಸೋಪಕ್ಕ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಬೇರೆ ಯಾರದೋ ಸುದ್ದಿ ಎನ್ನುವ ಹಾಗೆ ಹೇಳಿದಳು. ಮಗ ಚಿಕ್ಕವನಿದ್ದಾಗ ಆಕೆಗೆ ಒಮ್ಮೆ ಆ ಜ್ವರ ಬಂದಿತ್ತು. ನೂರರಲ್ಲಿ ಎರಡು ಮೂರು ಮಂದಿಗೆ ಜ್ವರ ಹೋದರೂ ಬ್ಯಾಕ್ಟೀರಿಯಾ ಪಿತ್ತಕೋಶದಲ್ಲಿ ಬಿಡಾರ ಹೂಡಿ, ಪಿತ್ತದ ಜೊತೆ ಕರುಳಿಗಿಳಿದು ಮಲದಲ್ಲಿ ಹೊರಗೆ ಬರುತ್ತಲೇ ಇರುತ್ತದಂತೆ. ಅವರಿಗೆ ಏನೂ ಆಗುವುದಿಲ್ಲ, ಅವರ ಕೈಯಲ್ಲಿ ತಿಂದವರಿಗೆ ಆಗುತ್ತದೆ. ಬೆಂದ ಬಿಸಿ ಊಟದಿಂದ ಅಲ್ಲ. ಆ ವರ್ಷ ಊಟದ ಜೊತೆ ಹೊಸದಾಗಿ ಶುರುವಾದ ಕೋಸಂಬರಿಗೆ ಹಸಿ ಸೌತೆ, ಕ್ಯಾರೆಟ್ಟು ಹೆಚ್ಚಿ ಆಕೆ ಕೈಯಲ್ಲೇ ಕಲಸುತ್ತಿದ್ದಳಲ್ಲ, ಚಮಚದಲ್ಲಿ ಹೋಳು ನುರಿಯುತ್ತದೆಂದು, ಅದರಿಂದ. ಬಕೆಟ್ಟಿನ ವಿಷಯ ಕೇಳಿ ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡರಂತೆ. ನಿಂತ ನೀರಿನಲ್ಲಿ ಅದ್ದಿದ ಕೈ ಒಬ್ಬರದನ್ನು ಇನ್ನೊಬ್ಬರಿಗೆ ಹಂಚುತ್ತದೆ. ಹರಿಯುವ ನೀರು, ಸೋಪು, ಉಗುರಿನ ಸಂದಿವರೆಗೆ ಉಜ್ಜುವುದು, ಇಷ್ಟೇ ಮದ್ದು. ಜೊತೆಗೆ ನಾಲ್ಕು ವಾರ ಮಾತ್ರೆ, ಒಂದು ಹೊತ್ತೂ ತಪ್ಪಬಾರದು. ಆಮೇಲೆ ತಿಂಗಳಿಗೊಂದರಂತೆ ಮೂರು ಪರೀಕ್ಷೆ. ಮೂರರಲ್ಲೂ ಏನೂ ಸಿಗದಿದ್ದರೆ ಅಡುಗೆಮನೆ, ಸಿಕ್ಕರೆ ಪಿತ್ತಕೋಶ ತೆಗೆಸುವ ಮಾತು.

“ಎಷ್ಟು ಜನಕ್ಕೆ ತಿನ್ನಿಸಿದೀನಿ ಅಣ್ಣ, ನಂದೇ ಹೇಸಿಗೇನ,” ಎಂದಳು. ಆಮೇಲೆ ಹೊರಗೆ ಹೋಗಿ ಮೋರಿಯ ಹತ್ತಿರ ವಾಂತಿ ಮಾಡಿಕೊಂಡಳು.

ಮನೆಯಲ್ಲಿ ಈಗ ಸೊಸೆಯ ಸರದಿ. ಎದ್ದರೆ ‘ಅತ್ತೆ, ಕೈ ತೊಳ್ಕೊಂಡ್ರಾ?’, ಕೂತರೆ ‘ತೊಳ್ಕೊಂಡ್ರಾ?’. ತಟ್ಟೆ ಲೋಟ ಬೇರೆ ಇಟ್ಟಳು, ಲೋಟಕ್ಕೆ ಕೆಂಪು ದಾರ ಕಟ್ಟಿದಳು. ಲ್ಯಾಬಿನ ಹುಡುಗಿ ಒಂದು ಸಂಜೆ ಹೋಗಿ, ಲೋಟಕ್ಕೆ ದಾರ ಕಟ್ಟಿ ಪ್ರಯೋಜನವಿಲ್ಲ, ಕಕ್ಕಸಿನ ಪಕ್ಕ ಸೋಪು ಇಡಿ, ನೀವೂ ತೊಳೆಯಿರಿ ಎಂದು ಬಿಡಿಸಿ ಹೇಳಿದ ಮೇಲೆ ದಾರ ಬಿಚ್ಚಿತು. ಪ್ರಶ್ನೆ ನಿಲ್ಲಲಿಲ್ಲ. ಅಷ್ಟು ವರ್ಷದ ಬಾಕಿ ಅಷ್ಟು ಬೇಗ ತೀರುವಂಥದ್ದಲ್ಲ.

ಸೋಪಕ್ಕ ತನ್ನ ಕೈಯನ್ನೇ ಅನುಮಾನದಿಂದ ನೋಡುತ್ತಿದ್ದಳು. ಮೊಮ್ಮಗಳ ಬಾಯಿಗೆ ತುತ್ತಿಡುವುದನ್ನು ಬಿಟ್ಟಳು. ಜ್ವರವೇ ಇಲ್ಲದೆ ಮಾತ್ರೆ ನುಂಗುವುದು ಆಕೆಗೆ ಒಗ್ಗಲಿಲ್ಲ, ಬಾಯಿ ಕಹಿ, ಹೊಟ್ಟೆ ತೊಳಸು. ಎರಡು ಸಲ ಬಿಡುತ್ತೇನೆಂದಳು. ಎರಡು ಸಲವೂ ಮನೆಗೆ ಮರಳಿದ್ದ ವೆಲ್ಡರನ್ನು ನೋಡಲು ಹೋಗಿ, ಅವನ ಒಣಗಿದ ಮುಖ ಕಂಡು ಬಂದು ಮಾತ್ರೆ ನುಂಗಿದಳು. ಅಷ್ಟು ದಿನ ನನ್ನ ಅಂಗಡಿಯಲ್ಲಿ ಬ್ರಷ್ಷು, ಪೊರಕೆ ಕಟ್ಟಿಕೊಟ್ಟಳು. ಬಾಯಿಗೆ ಹೋಗದ ಸಾಮಾನು. ನನಗೆ ದಯೆ ಅಂದುಕೊಳ್ಳಬೇಡಿ, ಆಕೆ ಕಟ್ಟಿದ ಕಟ್ಟು ಬಿಚ್ಚುವುದಿಲ್ಲ.

ಎರಡು ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಮರುದಿನವೇ ಮ್ಯಾನೇಜರ್ ಅಂಗಡಿಗೆ ಬಂದ. ಹೊಸ ಅಡುಗೆಯವನ ಅನ್ನ ಗೋಡೆಗೆ ಹಚ್ಚುವ ಹಾಗಿದೆಯಂತೆ, ಕಾರ್ಮಿಕರು ತಟ್ಟೆ ಬಡಿಯುತ್ತಿದ್ದಾರಂತೆ.

“ನಾಳೆಯಿಂದ ಬಂದ್ಬಿಡು ಅಕ್ಕ. ಎರಡರಲ್ಲಿ ಇಲ್ಲ ಅಂದ್ಮೇಲೆ ಮೂರನೇದರಲ್ಲಿ ಎಲ್ಲಿಂದ ಬರುತ್ತೆ?”

ಆ ಮಾತಿಗಾಗಿಯೇ ಆಕೆ ಮೂರು ತಿಂಗಳಿಂದ ಕಾಯುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು. ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು.

“ಬರ್ತೀನಿ ಸಾರ್. ಬಂದು ಸೌತೆಕಾಯಿ ಕಲಸ್ತೀನಿ. ಮೊದಲ ತಟ್ಟೆ ನೀವು ತಿಂತೀರಾ?”

ಮ್ಯಾನೇಜರ್ ನಕ್ಕ. ಆಕೆ ನಗಲಿಲ್ಲ. ಅವನ ಕಣ್ಣು ಆಕೆಯ ಬೆರಳುಗಳ ಮೇಲೆ ಹೋಯಿತು, ಅವನು ಕೌಂಟರಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

“ಹಾಗಾದ್ರೆ ಮೂರನೇದೂ ಆಗ್ಲಿ,” ಎಂದಳು. “ಅಷ್ಟರೊಳಗೆ ಕಕ್ಕಸಿಂದ ಬರೋ ದಾರೀಲಿ ಎರಡು ನಲ್ಲಿ ಹಾಕ್ಸಿ. ಬಕೆಟ್ಟು ಕಂಡ್ರೆ ನಾನು ಬರಲ್ಲ.”

ಮೂರನೆಯದರಲ್ಲೂ ಸಿಗಲಿಲ್ಲ. ಆಕೆ ಕೆಲಸಕ್ಕೆ ಮರಳಿದ ದಿನ ಸೋಪಿನ ಪೆಟ್ಟಿಗೆ ಇಳಿಸಲು ನಾನೇ ಹೋಗಿದ್ದೆ. ಹೊಸ ನಲ್ಲಿಯ ಪಕ್ಕ ಸೋಪಕ್ಕ ನಿಂತಿದ್ದಳು. ಇಸ್ತ್ರಿ ಅಂಗಿಯ ಮ್ಯಾನೇಜರ್ ಊಟಕ್ಕೆಂದು ನೇರ ಒಳಗೆ ಹೊರಟವನನ್ನು ತಡೆದಳು. ತಾನೇನು ಅಡುಗೆ ಮಾಡುವವನಲ್ಲವಲ್ಲ ಎಂದ ಅವನು.

“ತಿನ್ನೋದು ಅದೇ ಕೈಯಲ್ಲಿ ತಾನೆ?” ಎಂದು ನಲ್ಲಿ ತಿರುಗಿಸಿದಳು. ಅವನು ಅಂಗಿಯ ತೋಳು ಮಡಚಿ ಕೈ ತೊಳೆದ. ಹೆಬ್ಬೆರಳಿನ ಉಗುರು ಉಜ್ಜಿಲ್ಲ ಎಂದು ಇನ್ನೊಮ್ಮೆ ತೊಳೆಸಿದಳು.