ಮೂಗುತಿ ಇಲ್ಲದ ಬೇಸಿಗೆ

ಮಾಸ್ಕ್ ಹಾಕಿಕೊಳ್ಳುವುದನ್ನು ನಾವೆಲ್ಲ ಹೊಸದಾಗಿ ಕಲಿತ ಬೇಸಿಗೆ ಅದು. ಪರೀಕ್ಷೆಯನ್ನೂ ಮಾಡದೆ ಶಾಲೆ ಮುಚ್ಚಿದ್ದರು, ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿರಲಿಲ್ಲ. ಕೇಣಿಯ ನಮ್ಮ ಕೇರಿಯಲ್ಲಿ ಎದುರಿಗೆ ಬರುವವರು ಯಾರೆಂದು ಕಣ್ಣು ನೋಡಿ, ನಡಿಗೆ ನೋಡಿ ಹೇಳಬೇಕಾಗಿತ್ತು. ನನಗೆ ಆಗ ಹನ್ನೆರಡು. ಆ ದಿನಗಳೆಂದರೆ ನಿಮ್ಮಲ್ಲಿ ಬಹಳ ಜನರಿಗೆ ಹಲಸಿನ ಹಪ್ಪಳ, ಇಸ್ಪೀಟು, ಮಧ್ಯಾಹ್ನದ ನಿದ್ದೆ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ವಾಸನೆ. ಬಂಗಡೆ ಮೀನಿನ ನೀರು, ಬೆವರು, ನಮ್ಮದೇ ಉಸಿರು ಮೂರೂ ಸೇರಿ ಬಟ್ಟೆಯೊಳಗೆ ಹುಳಿಯಾದ ವಾಸನೆ. ಅದರ ಬೆನ್ನಿಗೇ ನಾನು ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳದ ಮಾತೊಂದು ಬರುತ್ತದೆ. ಆ ಬೇಸಿಗೆಯಲ್ಲಿ ನಮ್ಮ ಅಜ್ಜಿ, ಬದುಕಿದ್ದ ತನ್ನ ಮಗ ಸತ್ತಿದ್ದಾನೆಂದು ನಂಬಿಕೊಂಡೇ ತೀರಿಹೋದಳು. ಹಾಗೆ ನಂಬಿಸಿದವಳು ನಾನು.

ಅಪ್ಪ ಗೋವೆಯ ಬೋಟಿನಲ್ಲಿ ದುಡಿಯುತ್ತಿದ್ದ. ಎಲ್ಲವನ್ನೂ ಮುಚ್ಚಿದ ದಿನ ಬೋಟು ಅಲ್ಲಿಯ ಬಂದರಿನಲ್ಲಿತ್ತು. ಮಾಜಾಳಿಯ ಗಡಿ ದಾಟಲು ಬಿಡದ್ದರಿಂದ ಅಪ್ಪ ಬೋಟಿನಲ್ಲೇ ಉಳಿದ. ಎರಡು ಮೂರು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದ. ನಮ್ಮಲ್ಲಿದ್ದದ್ದು ಗುಂಡಿ ಒತ್ತುವ ಫೋನು, ಮುಖ ಕಾಣಿಸುವಂಥದ್ದಲ್ಲ. ಅಜ್ಜಿಗೋ ಕಿವಿ ಮಂದ, ಹತ್ತಿರ ಕೂತು ಬಾಯಿ ನೋಡಿಯೇ ಅರ್ಧ ಮಾತು ಹಿಡಿಯುತ್ತಿದ್ದಳು. ಕಣ್ಣಿಗೂ ಪೊರೆ ಬಂದು ಅಂಗಳದಾಚೆಗಿನದೆಲ್ಲ ಮಬ್ಬಾಗಿತ್ತು. ಆದರೂ ಫೋನು ಬಂದಾಗಲೆಲ್ಲ ಕೈ ಚಾಚುವಳು. ಕಿವಿಗೆ ಒತ್ತಿಕೊಂಡು, "ಗಣಪೂ, ಉಂಡ್ಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಕೈಗೆ ವಾಪಸು ಕೊಡುವಳು. ಅಷ್ಟು ಕೇಳಿದರೆ ಅವಳ ಕೆಲಸ ಮುಗಿಯಿತು.

ಸಣ್ಣ ದೋಣಿಗಳಿಗೆ ಕಡಲಿಗಿಳಿಯಲು ಬಿಟ್ಟ ಮೇಲೆ ನನ್ನ ತಾಯಿ, ಅವ್ವಿ, ಮತ್ತೆ ಮೀನಿನ ಬುಟ್ಟಿ ಹೊತ್ತಳು. ಶಾಲೆ ಇಲ್ಲವಲ್ಲ, ಜೊತೆಗೆ ನಾನೂ ಹೋಗುತ್ತಿದ್ದೆ. ಮೊದಲೆಲ್ಲ ಅವ್ವಿ ಒಮ್ಮೆ ಕೂಗಿದರೆ ಮೂರು ಮನೆಯ ಹೆಂಗಸರು ಪಾತ್ರೆ ಹಿಡಿದು ಬರುತ್ತಿದ್ದರು. ಈಗ ಮಾಸ್ಕಿನೊಳಗಿಂದ ಕೂಗಿದರೆ ಎದುರಿನ ನಾಯಿಗೂ ಕೇಳುತ್ತಿರಲಿಲ್ಲ. ಕೆಳಗೆ ಜಗ್ಗಿ ಕೂಗಿದರೆ, ಮೊದಲು ಅದನ್ನು ಮೇಲೆ ಹಾಕು, ಆಮೇಲೆ ರೇಟು ಹೇಳು ಎಂದು ಗೇಟಿನೊಳಗಿಂದ ಗದರುವವರು. ಹಾಗೆ ಗದರಿದವರೇ ತಮ್ಮ ಮಾಸ್ಕ್ ಇಳಿಸಿ, ಬಂಗಡೆಯ ಕಿವಿರು ಎತ್ತಿ ಮೂಸಿ ನೋಡುತ್ತಿದ್ದರು. ಒಂಬತ್ತು ಗಂಟೆಗೆಲ್ಲ ಬಿಸಿಲು ನೆತ್ತಿ ಸುಡುತ್ತಿತ್ತು, ಬಟ್ಟೆ ಒದ್ದೆಯಾಗಿ ಬಾಯಿಗೆ ಅಂಟಿಕೊಳ್ಳುತ್ತಿತ್ತು. ಎಲಾಸ್ಟಿಕ್ ಕೊಯ್ದು ನನ್ನ ಕಿವಿಯ ಹಿಂದೆ ಉರಿ. ಎರಡೂ ಎಳೆಗಳನ್ನು ಹಿಂದಕ್ಕೆ ತಂದು ಜಡೆಗೆ ಪಿನ್ನು ಹಾಕಿ ಸಿಕ್ಕಿಸುವ ಉಪಾಯ ಕಂಡುಕೊಂಡೆ. ಅವ್ವಿ ಬಟ್ಟೆಯೊಳಗೆ ತುಳಸಿ ಎಲೆ ಇಟ್ಟು ನೋಡಿದಳು. ತುಳಸಿಗೂ ಬಂಗಡೆಯ ವಾಸನೆಯೇ ಬಂತು.

ಅವಳ ನಿಜವಾದ ಕಷ್ಟ ಮೂಗುತಿಯದು. ಏಳು ಬಿಳಿ ಹರಳಿನ, ಹಿಂದೆ ತಿರುಪಿನ ಮೂಗುತಿ. ಮಾಸ್ಕ್ ಅದನ್ನು ಒತ್ತಿ ಒತ್ತಿ ಮೂಗಿನ ಪಕ್ಕ ಮೊದಲು ಕೆಂಪಾಯಿತು, ಆಮೇಲೆ ಹುಣ್ಣಾಯಿತು, ಕೊನೆಗೆ ಕೀವು ತುಂಬಿತು. ಹತ್ತಿಗೆ ತೆಂಗಿನೆಣ್ಣೆ ಅದ್ದಿ ಇಟ್ಟುಕೊಂಡಳು, ಪ್ರಯೋಜನವಾಗಲಿಲ್ಲ. ತೆಗೆದಿಡು ಎಂದು ನಾನೇ ಹೇಳಿದೆ. ಹೇಳಬಾರದ್ದನ್ನು ಹೇಳಿದೆನೋ ಎಂಬಂತೆ ನನ್ನನ್ನು ನೋಡಿದಳು. ನಮ್ಮಲ್ಲಿ ಗಂಡ ಬದುಕಿರುವಾಗ ಹೆಂಗಸು ಮೂಗುತಿ ತೆಗೆಯುವುದಿಲ್ಲ, ಸ್ನಾನಕ್ಕೂ ಇಲ್ಲ, ಬಾಣಂತನಕ್ಕೂ ಇಲ್ಲ. ಅಜ್ಜಿಯ ಮೂಗಿನಲ್ಲಿ ಬರೀ ತೂತಿತ್ತು. ನಾನು ಚಿಕ್ಕವಳಿದ್ದಾಗ ಅದನ್ನು ಬೆರಳಿನಿಂದ ಮುಟ್ಟಿ ಇದೇನೆಂದು ಕೇಳಿದರೆ, ನಿನ್ನ ಅಜ್ಜ ಕಡಲಿಂದ ಬರದ ದಿವಸ ತೆಗೆದದ್ದು ಎನ್ನುತ್ತಿದ್ದಳು.

"ಮಾಸ್ಕಿನ ಒಳ್ಗೆ ಯಾರಿಗ್ ಕಾಣ್ತದೆ ಅವ್ವಿ?" ಎಂದೆ.

"ಅಜ್ಜಿ ಕಂಡ್ರೆ ಎದೆ ಒಡ್ಕಂಡಿ ಸಾಯ್ತದೆ" ಎಂದಳು ಅವ್ವಿ.

ಎರಡು ದಿನ ಬಿಟ್ಟು ಅವಳೇ ನನ್ನ ಮುಂದೆ ಮುಖ ಚಾಚಿ ಕೂತಳು, ನೋವು ಅಷ್ಟಾಗಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಕೇದಿಗೆ ಮೆಳೆಯ ತಿರುವಿನಲ್ಲಿ ಬುಟ್ಟಿ ಇಳಿಸುವುದು, ನಾನು ತಿರುಪು ಬಿಡಿಸಿ ಮೂಗುತಿಯನ್ನು ನನ್ನ ಕಂಪಾಸ್ ಪೆಟ್ಟಿಗೆಯಲ್ಲಿ ರಬ್ಬರಿನ ಪಕ್ಕ ಇಡುವುದು, ಮಧ್ಯಾಹ್ನ ಅದೇ ತಿರುವಿನಲ್ಲಿ ಮತ್ತೆ ಹಾಕುವುದು. ಇಬ್ಬರೂ ಸೇರಿ ಅಜ್ಜಿಗೆ ಮೋಸ ಮಾಡುವುದರಲ್ಲಿ ನನಗೊಂದು ಆಟದ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಒಂದು ವಾರ ಹೀಗೇ ನಡೆಯಿತು. ಎಂಟನೆಯ ದಿನ ಮೀನಿನ ಜಿಡ್ಡು ಕೈಯಲ್ಲಿ ಅಕ್ಕಿಕಾಳಿನಷ್ಟಿದ್ದ ಆ ತಿರುಪು ಜಾರಿ ದಾರಿಯ ಮರಳಿಗೆ, ಹೊಯ್ಗೆಗೆ ಬಿತ್ತು. ಇಬ್ಬರೂ ಮಂಡಿಯೂರಿ ಹೊಯ್ಗೆಯನ್ನು ಬೊಗಸೆಯಲ್ಲಿ ಎತ್ತಿ ಎತ್ತಿ ಸೋಸಿದೆವು. ಕಾಲು ಸುಡತೊಡಗಿದ ಮೇಲೆ ಅವ್ವಿ, ಸಾಕು ಏಳು ಎಂದಳು. ಬೈಯಲಿಲ್ಲ. ತಿರುಪಿಲ್ಲದೆ ಮೂಗುತಿ ನಿಲ್ಲುವುದಿಲ್ಲ, ಹೊಸದು ಮಾಡಿಸೋಣವೆಂದರೆ ಅಂಕೋಲೆಯಲ್ಲಿ ಅಕ್ಕಸಾಲಿಗರ ಅಂಗಡಿಗಳಿಗೆಲ್ಲ ಬೀಗ.

ಹಾಗಾಗಿ ಅವ್ವಿ ಮನೆಯೊಳಗೂ ಮಾಸ್ಕ್ ಹಾಕಿಕೊಂಡೇ ಇರತೊಡಗಿದಳು. ಊರೆಲ್ಲ ತಿರುಗಿ ಬರುವವಳು, ನಿನಗೆ ವಯಸ್ಸಾಗಿದೆ, ತಾಗಬಾರದು ಎಂದು ಅಜ್ಜಿಯ ಕಿವಿಯಲ್ಲಿ ನಾನು ಕೂಗಿ ಹೇಳಿದೆ. ಅಜ್ಜಿ ತಲೆಯಾಡಿಸಿದಳು. ಬಾಯಿ ಕಾಣದ ಮೇಲೆ ಅವ್ವಿಯ ಒಂದು ಮಾತೂ ಅವಳಿಗೆ ತಿಳಿಯದಾಯಿತು. ಸಂಜೆ ಜಗಲಿಯಲ್ಲಿ ಅತ್ತೆ ಸೊಸೆ ಕೂತು ಊರವರ ಸುದ್ದಿಯನ್ನೆಲ್ಲ ಹೆಕ್ಕಿ ಆಡುತ್ತಿದ್ದದ್ದು ಅಲ್ಲಿಗೆ ನಿಂತಿತು.

ಇಲ್ಲಿ ಇನ್ನೊಂದು ಹೇಳಬೇಕು. ಅದಕ್ಕೆ ಸ್ವಲ್ಪ ಮೊದಲು ಕಾರವಾರದಲ್ಲಿದ್ದ ಅಜ್ಜಿಯ ತಂಗಿ ವಯಸ್ಸಾಗಿ ತೀರಿಕೊಂಡಿದ್ದಳು. ಬಸ್ಸಿಲ್ಲ, ಕರೆದುಕೊಂಡು ಹೋಗುವಂತಿಲ್ಲ, ಹೇಳಿ ಅಳಿಸುವುದೇಕೆ ಎಂದು ಅವ್ವಿ ಹತ್ತು ಹನ್ನೆರಡು ದಿನ ಅದನ್ನು ಮುಚ್ಚಿಟ್ಟಿದ್ದಳು. ಪಕ್ಕದ ಮನೆಯವಳು ಬಾಯಿತಪ್ಪಿ ಆಡಿದ ಮೇಲೆ ಅಜ್ಜಿಗೆ ತಿಳಿಯಿತು. ಆಗ ಅವಳು ಅವ್ವಿಯ ಮೇಲೆ ಸಿಟ್ಟು ಮಾಡಲಿಲ್ಲ. ಆದರೆ ಸಾವನ್ನು ತನ್ನಿಂದ ಮುಚ್ಚಿಡುವ ಮನೆ ಇದು ಎಂದು ಅವಳಿಗೆ ಗೊತ್ತಾಯಿತು.

ಒಂದು ಮಧ್ಯಾಹ್ನ ಅವ್ವಿ ತಲೆನೋವೆಂದು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ನಿದ್ದೆಯಲ್ಲಿ ಮಾಸ್ಕ್ ಗದ್ದಕ್ಕೆ ಜಾರಿತ್ತು. ಜ್ವರವೆಂದರೆ ಜೀವ ಹಾರುವ ದಿನಗಳು ಅವು. ಅಜ್ಜಿ ಹೋಗಿ ಅವ್ವಿಯ ಹಣೆ ಮುಟ್ಟಿ ನೋಡಿದಳು, ಕೆನ್ನೆ ಮುಟ್ಟಿದಳು. ಅವಳ ಬೆರಳು ಮೂಗಿನ ಮೇಲೆ ಬಂದು ಅಲ್ಲೇ ನಿಂತಿತು. ಬಾಗಿಲಲ್ಲಿ ಕಲ್ಲಾಟ ಆಡುತ್ತ ಕೂತಿದ್ದ ನಾನು ನೋಡಿದೆ, ಕೈಯೊಳಗಿನ ಕಲ್ಲು ಕೈಯಲ್ಲೇ ಉಳಿಯಿತು. ಅಜ್ಜಿ ಮೆಲ್ಲಗೆ ಆ ಮಾಸ್ಕನ್ನು ಮೊದಲಿದ್ದಂತೆ ಮೇಲೆ ಎಳೆದಳು. ಗೋಡೆ ಹಿಡಿದು ಬಂದು ನನ್ನ ಪಕ್ಕ ಕೂತಳು.

"ನಿನ್ನ ಅವ್ವಿ ಮುಗ್ತಿ ತೆಗ್ದು ಎಷ್ಟು ದಿವ್ಸ ಆಯ್ತು ತಂಗೀ?"

ತಿರುಪು ಕಳೆದವಳು ನಾನು, ಪೆಟ್ಟು ಬೀಳುವುದು ನನಗೆ ಎಂದಷ್ಟೇ ನನ್ನ ತಲೆಯಲ್ಲಿದ್ದದ್ದು. ಅವಳ ಕಿವಿಗೆ ಬಾಯಿ ತಾಗಿಸಿ ಹೇಳಿದೆ: "ಹದ್ನೈದು ದಿವ್ಸ ಆಯ್ತು ಅಜ್ಜಿ. ನಿಂಗೆ ಬೇಜಾರಾಗ್ತದೆ ಹೇಳಿ ಅವ್ವಿ ಮುಚ್ಚಿಟ್ಟದ್ದು. ನೀ ಅವ್ಳತ್ರ ಕೇಳೂಕೆ ಹೋಗ್ಬೇಡ."

"ಕೇಳುದಿಲ್ಲ ಮಗಾ" ಎಂದು ನನ್ನ ತಲೆ ಸವರಿದಳು. ಪೆಟ್ಟು ಬೀಳಲಿಲ್ಲವೆಂಬ ಸಂತೋಷಕ್ಕೆ ನಾನು ಒಳಗೆ ಹೋಗಿ ಬುಟ್ಟಿಯಲ್ಲಿದ್ದ ಇಶಾಡ ಮಾವಿನಹಣ್ಣೊಂದನ್ನು ಸಿಪ್ಪೆಸಮೇತ ತಿಂದೆ.

ಅಂದು ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಮೀನನ್ನು ತಟ್ಟೆಯ ಅಂಚಿಗೆ ಸರಿಸಿ ಗಂಜಿಗೆ ಉಪ್ಪು ಹಾಕಿಕೊಂಡಳು. ಮೀನಿಲ್ಲದೆ ತುತ್ತು ಇಳಿಯದ ಜೀವ ಅದು. ಮರುದಿನವೂ ಹಾಗೆಯೇ. ಸೆಕೆಗೆ ಬಾಯಿ ಕೆಟ್ಟಿದೆಯೆಂದು ಅವ್ವಿ ನಿಂಬೆಹುಳಿ ಉಪ್ಪಿನಕಾಯಿ ಬಡಿಸಿದಳು. ಅಪ್ಪನ ಫೋನು ಬಂದರೆ ಅಜ್ಜಿ ಕೈ ಚಾಚುವುದನ್ನು ಬಿಟ್ಟಳು. ನಾನೇ ಕೊಡಹೋದರೆ, ನೀವೇ ಮಾತಾಡಿ ಎಂದು ಕಡಲ ಕಡೆ ಮುಖ ತಿರುಗಿಸಿದಳು. ಅಮಾವಾಸ್ಯೆಯ ದಿನ ಹಿತ್ತಲಿನಲ್ಲಿ ಬಾಳೆಎಲೆಯ ತುಂಡಿನ ಮೇಲೆ ಅನ್ನದ ಉಂಡೆ ಇಟ್ಟು ಕಾಗೆಯನ್ನು ಕರೆಯುತ್ತಿದ್ದಳು. ಕೇಳಿದ್ದಕ್ಕೆ ಅಜ್ಜನಿಗೆ ಎಂದಳು. ನಾನು ನಂಬಿದೆ.

ಇಂದು ಯೋಚಿಸಿದರೆ ಅವಳ ಲೆಕ್ಕದಲ್ಲಿ ಒಂದು ತಪ್ಪೂ ಕಾಣುವುದಿಲ್ಲ. ಸೊಸೆ ಕುಂಕುಮ, ಬಳೆ, ಕರಿಮಣಿಯನ್ನು ತನ್ನ ಕಣ್ಣಿಗೆ ಕಾಣಲೆಂದು ಉಳಿಸಿಕೊಂಡಿದ್ದಾಳೆ. ಕಾಣದ ಜಾಗದಲ್ಲಿ ಮಾತ್ರ ಶಾಸ್ತ್ರ ಮುಗಿಸಿದ್ದಾಳೆ. ಅದಕ್ಕೇ ಮನೆಯೊಳಗೂ ಈ ಮಾಸ್ಕ್. ಫೋನಿನ ಮಾತು ಕಿವುಡಿಯ ಮುಂದಿನ ನಾಟಕ. ತಾನು ಅತ್ತರೆ ಇವರು ಇಷ್ಟು ಕಷ್ಟಪಟ್ಟದ್ದು ದಂಡವಾಗುತ್ತದೆಂದು ಅವಳು ನಮ್ಮೆದುರು ಅಳಲೇ ಇಲ್ಲ.

ಗಡಿ ಬಿಟ್ಟ ಮೇಲೆ ಅಪ್ಪ ಬಂದ. ಕೈ ಮೇಲೆ ಮುದ್ರೆ ಒತ್ತಿ, ಹದಿನಾಲ್ಕು ದಿನ ಯಾರನ್ನೂ ಮುಟ್ಟಬೇಡ ಎಂದು ಕಳಿಸಿದ್ದರು. ಅಂಗಳದ ತುದಿಯಲ್ಲಿ ಬಲೆ ಇಡುವ ಗುಡಿಸಲಿನಲ್ಲಿ ಅವನ ವಾಸ. ಬಂದ ದಿನ ಕಣ್ಣಿನ ತನಕ ನೀಲಿ ಮಾಸ್ಕ್ ಹಾಕಿಕೊಂಡು ಬೇಲಿಯ ಹತ್ತಿರ ನಿಂತ. ಅಜ್ಜಿ ಜಗಲಿಯಲ್ಲಿದ್ದಳು. ಅಪ್ಪ ಬಂದ ಎಂದು ನಾನು ಕಿವಿಯಲ್ಲಿ ಕೂಗಿದೆ. ಅವಳು ಹಣೆಗೆ ಕೈ ಹಚ್ಚಿ ಬಹಳ ಹೊತ್ತು ನೋಡಿದಳು.

"ಅಂವ ಯಾರೇ? ಗಣಪು ಆಗಿದ್ರೆ ಹೊರ್ಗೆ ನಿಲ್ತಿದ್ನಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ನಂಗೆ ಎಲ್ಲಾ ಗೊತ್ತುಂಟು ತಂಗೀ. ನಿನ್ನ ಅಪ್ಪ ಹೋಗಿ ತಿಂಗ್ಳ ಮೇಲಾಯ್ತು. ನೀನೇ ಹೇಳಿದ್ಯಲ್ಲೇ."

ಆ ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು. ಮೀನು, ಫೋನು, ಕಾಗೆಯ ಅನ್ನ, ಎಲ್ಲ. ಮೂಗುತಿಯ ಹುಣ್ಣಿನ ಕತೆ, ತಿರುಪಿನ ಕತೆ ಎಲ್ಲವನ್ನೂ ಗಂಟಲು ಹರಿಯುವಂತೆ ಕೂಗಿ ಹೇಳಿದೆ. ಮೂಗುತಿಯನ್ನು ತಂದು ಅವಳ ಅಂಗೈಯಲ್ಲಿಟ್ಟೆ. ಅದನ್ನು ಸವರಿ ನೋಡಿ ನನ್ನ ಮುಷ್ಟಿಗೇ ವಾಪಸು ಇಟ್ಟು, ಆಯ್ತು ಮಗಾ, ಆಯ್ತು ಎಂದು ಸಮಾಧಾನ ಮಾಡಿದಳು. ಅಪ್ಪ ಮಾಸ್ಕ್ ಇಳಿಸಿ "ಅವ್ವಾ" ಎಂದು ಕರೆದ. ಅಷ್ಟು ದೂರದಿಂದ ಅವಳ ಕಣ್ಣಿಗೆ ಮಾಸ್ಕೂ ಒಂದೇ ಮುಖವೂ ಒಂದೇ. ಇದಕ್ಕೆ ಅರಳುಮರಳು ಎಂದು ಅವ್ವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅರಳುಮರಳಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ, ಆ ಮಧ್ಯಾಹ್ನ ಅಜ್ಜಿಯ ಕಿವಿಯಲ್ಲಿ ಆಡಿದ ಮಾತನ್ನು ಮಾತ್ರ ನಾನು ಅವರಿಬ್ಬರಿಗೂ ಹೇಳಲಿಲ್ಲ.

ಅಪ್ಪ ಹತ್ತಿರ ಹೋಗಿ ಮುಖ ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ದಿನಾ ಬಂದು ನೋಡಿಹೋಗುತ್ತಿದ್ದ ಆಶಾ ಕಾರ್ಯಕರ್ತೆ, ಮುದುಕರಿಗೆ ತಾಗಿದರೆ ಉಳಿಯುವುದಿಲ್ಲ ಎಂದು ಒತ್ತಿ ಹೇಳಿದ್ದಳು. ಅವಳು ಹೇಳಿದ್ದು ಸರಿಯೇ ಇತ್ತು. ಅಪ್ಪ ಬಲೆಯ ದಾರಕ್ಕೆ ದಿನಕ್ಕೊಂದು ಗಂಟು ಹಾಕುತ್ತ ಹದಿನಾಲ್ಕು ಎಣಿಸಲು ಕೂತ. ಇತ್ತ ಅಜ್ಜಿ ಗಂಜಿಯನ್ನೂ ಕಡಿಮೆ ಮಾಡಿದಳು. ಒಂಬತ್ತನೆಯ ಗಂಟಿನ ದಿನ ಚಾಪೆಯಿಂದ ಏಳಲಿಲ್ಲ.

ಸಂಜೆ ಅವ್ವಿ ಅಪ್ಪನನ್ನು ಕರೆದಳು. ಮೊಣಕೈ ತನಕ ಸೋಪು ಹಚ್ಚಿ ತೊಳೆದು, ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿಕೊಂಡು ಅಪ್ಪ ಒಳಗೆ ಬಂದು ಪಕ್ಕದಲ್ಲಿ ಕೂತ. ಅಜ್ಜಿ ಕೈ ಎತ್ತಿ ಅವನ ಮುಖ ಮುಟ್ಟಿದಳು. ಕೈಗೆ ಸಿಕ್ಕಿದ್ದು ಬಟ್ಟೆ. ಅವಳ ಬೆರಳು ಆ ಬಟ್ಟೆಯ ಮೇಲೆಯೇ ಎರಡು ಮೂರು ಸಲ ಓಡಾಡಿತು. ಅಪ್ಪನ ಕೈ ತನ್ನ ಕಿವಿಯ ಹತ್ತಿರದ ಎಳೆಗೆ ಹೋಯಿತು. ಅವ್ವಿಯನ್ನು ನೋಡಿದ. ಅವ್ವಿ ಬೇಡವೆಂದು ತಲೆಯಾಡಿಸಿದಳು. ಅಪ್ಪ ಎಳೆ ಬಿಟ್ಟ. "ಇನ್ನು ಐದೇ ದಿವ್ಸ ಅವ್ವಾ" ಎಂದು ಮಾಸ್ಕಿನೊಳಗೇ ಹೇಳಿದ.

ಅಜ್ಜಿಯ ಕೈ ಚಾಪೆಗೆ ಇಳಿಯಿತು. ನನ್ನ ಕಡೆ ಮುಖ ತಿರುಗಿಸಿ ಹೇಳಿದಳು: "ಯಾರ್ ಹೆತ್ತ ಮಗ್ನೋ ಪಾಪ, ಎಷ್ಟು ದಿವ್ಸದಿಂದ ಹೊರ್ಗೆ ನಿಂತಾನೆ. ಊಟ ಹಾಕಿ ಕಳ್ಸೇ."

ಬೆಳಗಾಗುವಾಗ ಅಜ್ಜಿ ಇರಲಿಲ್ಲ. ಹದಿನಾಲ್ಕನೆಯ ದಿನ ಅಪ್ಪನಿಗೆ ಒಂದು ಕೆಮ್ಮೂ ಬಂದಿರಲಿಲ್ಲ.

ಅಕ್ಕಸಾಲಿಗರ ಅಂಗಡಿ ತೆರೆದ ಮೇಲೆ ಹೊಸ ತಿರುಪು ಬಂತು, ಅವ್ವಿಯ ಮೂಗಿಗೆ ಮೂಗುತಿ ಏರಿತು. ಈಗ ನಾನು ಕಾರವಾರದಲ್ಲಿ ನರ್ಸಿಂಗ್ ಓದುತ್ತೇನೆ, ವಾರ್ಡಿನಲ್ಲಿ ದಿನವಿಡೀ ಮಾಸ್ಕ್ ಹಾಕಿರುತ್ತೇನೆ. ಆ ವರ್ಷದ ಸುದ್ದಿ ಬಂದರೆ ಗೆಳತಿಯರು ನಗುತ್ತಾರೆ, ನಾನೂ ನಕ್ಕಂತೆ ಮಾಡುತ್ತೇನೆ, ಬಾಯಿ ಮುಚ್ಚಿದ್ದರಿಂದ ಸುಲಭ. ಆದರೆ ನಮ್ಮ ಮನೆಯಲ್ಲಿ ಫೋನು ಬಂದರೆ ಕೈ ಚಾಚುವವರಿಲ್ಲ, ಉಂಡ್ಯಾ ಎಂದು ಕೇಳಿ ಉತ್ತರ ಬೇಡವೆನ್ನುವವರಿಲ್ಲ.

ಅಪ್ಪ ಈಗಲೂ ಗೋವೆಯ ಬೋಟಿಗೇ ಹೋಗುತ್ತಾನೆ. ಪ್ರತಿ ಸಲ ಬಂದಾಗ ಬೇಲಿಯ ಹತ್ತಿರ ನಿಂತು, ಹೆಗಲ ಟವೆಲಿನಿಂದ ಮುಖವನ್ನೆಲ್ಲ ಒರೆಸಿ, ಖಾಲಿ ಜಗಲಿಯ ಕಡೆ ಒಂದು ಗಳಿಗೆ ಬರಿಮುಖ ತೋರಿಸಿ, ಆಮೇಲೆ ಒಳಗೆ ಬರುತ್ತಾನೆ. ಆ ಕೊನೆಯ ಸಂಜೆ ಮಾಸ್ಕ್ ಇಳಿಸದ್ದಕ್ಕೇ ತಾಯಿಗೆ ತನ್ನ ಗುರುತು ಸಿಗಲಿಲ್ಲವೆಂದು ಅವನು ತಿಳಿದಿದ್ದಾನೆ. ಅದಲ್ಲ ಅಪ್ಪಾ, ನೀನು ಬರುವುದಕ್ಕೆ ಎಷ್ಟೋ ಮೊದಲೇ ನಾನು ನಿನ್ನನ್ನು ಸಾಯಿಸಿಬಿಟ್ಟಿದ್ದೆ ಎಂದು ಹೇಳಬೇಕು. ಪ್ರತಿ ಸಲವೂ ಅವನ ಎದುರಿಗೆ ಹೋಗುತ್ತೇನೆ, ಅವನ ಕೈಯ ಚೀಲ ತೆಗೆದುಕೊಂಡು ಒಳಗೆ ಬರುತ್ತೇನೆ.