ಮಂಡಿಗೆ ಸೂಜಿಮದ್ದು

ಈ ಬೆಳಿಗ್ಗೆ ಸೊಸೆ ಪಂಪ್ ಸ್ಟವ್ ಹಚ್ಚಲು ಸ್ಪಿರಿಟ್ ಸುರಿದಳು. ಆ ಆಸ್ಪತ್ರೆಯ ವಾಸನೆ ಮೂಗಿಗೆ ಬಡಿದದ್ದೇ ನನ್ನ ಹಳೆಯ ಭಯಗಳೆಲ್ಲ ಎದ್ದು ಕೂತವು: ಸೂಜಿ ಒಳಗೇ ಮುರಿಯಬಹುದು, ಮಂಡಿ ಕೀವಾಗಬಹುದು, ಕಾಲು ಮರದ ಕೊರಡಾಗಬಹುದು, ಗುಂಡ್ಲುಪೇಟೆಯಲ್ಲಿ ಬಸ್ಸು ತಪ್ಪಬಹುದು, ಎಲ್ಲ ಸರಿಹೋಗಿ ಡಾಕ್ಟರೇ ಊರಲ್ಲಿ ಇಲ್ಲದಿರಬಹುದು.

ಐವತ್ತರ ದಶಕದ ಮಾತು. ಬೇಗೂರಿನ ನಮ್ಮ ತುಂಬಿದ ಮನೆಯಲ್ಲಿ ಗಂಡ ಹೆಂಡತಿ ಎಲ್ಲರೆದುರು ಕೈ ಮುಟ್ಟುವುದಿರಲಿ, ಹತ್ತಿರ ನಿಲ್ಲುವಂತೆಯೂ ಇರಲಿಲ್ಲ. ಆದರೆ ನನ್ನವಳಿಗೆ ಸಣ್ಣ ವಯಸ್ಸಿಗೇ ಕೀಲುವಾಯು ಅಮರಿಕೊಂಡಿತ್ತು. ರಾಗಿ ಬೀಸಿ ಮುಗಿಸಿದರೆ ಏಳಲಾಗುತ್ತಿರಲಿಲ್ಲ. ಆಗ ನಮ್ಮವ್ವನೇ ಕೂಗುತ್ತಿದ್ದಳು: "ಕೈ ಕೊಡ್ಲಾ ಅವ್ಳಿಗೆ, ಕಲ್ಲಿನ್ ತಾವೇ ಕುಂತವ್ಳೆ!" ಅಪ್ಪಣೆಯಾದ ಮೇಲೆ ಕೇಳಬೇಕೆ? ಬೀಸುವ ಕಲ್ಲಿನ ಸದ್ದು ನಿಂತದ್ದೇ, ಜಗಲಿಯಲ್ಲಿ ಅರಿಸಿನದ ವ್ಯಾಪಾರ ಎಷ್ಟೇ ಜೋರಾಗಿರಲಿ, ನಾನು ಒಳಗೆ. ನೋವು ಅವಳದು, ಲಾಭ ನನ್ನದು. ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಚಾಮರಾಜನಗರಕ್ಕೆ ಹೊಸದಾಗಿ ಬಂದ ಡಾಕ್ಟರು ಕೀಲಿನೊಳಕ್ಕೇ ಸೂಜಿಮದ್ದು ಕೊಡುತ್ತಾರೆಂದು ಸುದ್ದಿಯಾಯಿತು. ಕರೆದುಕೊಂಡು ಹೋದೆ. ಬಸ್ಸು ತಪ್ಪಲಿಲ್ಲ, ಡಾಕ್ಟರು ಇದ್ದರು. ಇದ್ದದ್ದಷ್ಟೇ ಅಲ್ಲ, ಎಳೆ ವಯಸ್ಸು, ಇಸ್ತ್ರಿ ಅಂಗಿ. ನಾನು ಹಗಲು ಹೊತ್ತಿನಲ್ಲಿ ಒಮ್ಮೆಯೂ ಕಾಣದ ಮಂಡಿಯನ್ನು ಆತ ಎರಡೂ ಕೈಯಲ್ಲಿ ಹಿಡಿದು, ಮಾವಿನಹಣ್ಣು ನೋಡುವ ಹಾಗೆ ಅಲ್ಲಲ್ಲಿ ಒತ್ತಿದ. ಸೂಜಿ ಇಳಿದಾಗ ಹಲ್ಲು ಕಚ್ಚಿದವನು ನಾನು.

ವಾಪಸು ಬಸ್ಸಿನಲ್ಲಿ ಅವಳದು ಒಂದೇ ಮಾತು: "ಕೈಗುಣ ಅಂದ್ರೆ ಆ ಡಾಕ್ಟ್ರದು ಕಣೇಳಿ. ಊವ ಇಟ್ಟಂಗಾಯ್ತು."

"ನನ್ ಕೈ?"

"ನಿಮ್ದು ವ್ಯಾಪಾರದ್ ಕೈ, ಬುಡಿ. ಮೂಟೆ ಎಳ್ದಂಗ್ ಎಳೀತೀರಿ."

ಆ ವರ್ಷ ಚಾಮರಾಜನಗರದ ಕಡೆಯಿಂದ ಬಂದ ಅರಿಸಿನವೆಲ್ಲ ನನ್ನ ಕಣ್ಣಿಗೆ ಬಣ್ಣಗೆಟ್ಟದ್ದಾಗಿಯೇ ಕಂಡಿತು.

ಮಂಡಿ ಊದಲಿಲ್ಲ, ಕೀವಾಗಲಿಲ್ಲ. ಕೆಲವು ದಿನ ಕಳೆದು ಒಮ್ಮೆ ಕಲ್ಲಿನ ಸದ್ದು ನಿಂತಿತು. ಎಂದಿನಂತೆ ಓಡಿಹೋಗಿ ಕೈ ಚಾಚಿದೆ. ಅವಳು ಆಗಲೇ ಎದ್ದು ನಿಂತು ಸೆರಗಿನ ಹಿಟ್ಟು ಕೊಡವುತ್ತಿದ್ದಳು.

"ಏನ್ ಬೇಕಿತ್ತು?"

ಅವ್ವ ನೋಡುತ್ತಿದ್ದಳು. "ನೀರು" ಅಂದೆ. ಚಾಚಿದ ಕೈಗೆ ಒಂದು ಚೆಂಬು ನೀರು ಬಂತು. ಬಾಯಾರಿಕೆ ಇಲ್ಲದಿದ್ದರೂ ಅಷ್ಟನ್ನೂ ಕುಡಿದೆ. ಆದ ಅನಾಹುತ ಇಷ್ಟೇ.

ಈಗ ಮಂಡಿ ಹಿಡಿದಿರುವುದು ನನಗೆ. ಸೂಜಿಮದ್ದಿಗೆ ಇವತ್ತೇ ಹೊರಡಬೇಕು. ಸ್ಟವ್ ಭುಸುಗುಡುತ್ತಿರುವಾಗ, ಸೊಸೆಯ ಎದುರಿಗೇ ನನ್ನವಳು ಬಂದು ಕೈ ಚಾಚಿದಳು: "ಏಳಿ, ಬಸ್ ಓಯ್ತದೆ."

ಹೋದರೆ ಹೋಗಲಿ ಎಂದುಕೊಂಡು, ಆ ಕೈ ಹಿಡಿದು ನಿಧಾನವಾಗಿ, ಬಲು ನಿಧಾನವಾಗಿ ಎದ್ದೆ.